ಕೈತುತ್ತು, ಮೊಬೈಲ್ ತುತ್ತು, ಅವಳದೇ ತಟ್ಟೆ: ಊಟ ಒಲ್ಲದ ಮಗಳೊಡನೆ ಏಳು ತಿಂಗಳ ಹೋಲಿಕೆ

ನಮ್ಮ ಮಗಳಿಗೆ ಒಂದೂಮುಕ್ಕಾಲು ವರ್ಷ ತುಂಬುವ ಹೊತ್ತಿಗೆ ಅವಳ ಊಟಕ್ಕೆಂದೇ ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ದಿನಕ್ಕೆ ಮೂರೂವರೆ ಗಂಟೆ ಖರ್ಚಾಗುತ್ತಿತ್ತು. ಲೆಕ್ಕಪತ್ರ ಬರೆಯುವುದೇ ನನ್ನ ಕಸುಬಾದ ಕಾರಣ ಒಂದು ವಾರ ಗಡಿಯಾರ ನೋಡಿ ಬರೆದಿಟ್ಟಿದ್ದೆ: ಬೆಳಗಿನ ತಿಂಡಿಗೆ 50 ನಿಮಿಷ, ಮಧ್ಯಾಹ್ನದ ಅನ್ನಕ್ಕೆ 70 ನಿಮಿಷ, ಸಂಜೆಯ ಹಣ್ಣಿಗೆ ಅರ್ಧ ಗಂಟೆ, ರಾತ್ರಿಯೂಟಕ್ಕೆ ಮತ್ತೆ ಒಂದು ಗಂಟೆ. ಇಷ್ಟಾದ ಮೇಲೂ ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಹಾಗೆಯೇ ಉಳಿಯುತ್ತಿತ್ತು. ಉಳಿದದ್ದನ್ನು ಎಸೆಯಲು ಮನಸ್ಸಾಗದೆ ನಾನೇ ತಿನ್ನುತ್ತಿದ್ದುದರಿಂದ ಮನೆಯಲ್ಲಿ ತೂಕ ಹೆಚ್ಚಿಸಿಕೊಂಡವನು ನಾನೊಬ್ಬನೇ ಆಗಿದ್ದೆ. ಗಣೇಶನ ಹಬ್ಬದ ದಿನ ಮಗು ಸಿಹಿಗಡುಬನ್ನೂ ಬಾಯಿಂದ ಉಗಿದಾಗ, ಇದಕ್ಕೊಂದು ವ್ಯವಸ್ಥೆ ಮಾಡಲೇಬೇಕೆಂದು ಮನೆಯವರೆಲ್ಲ ಒಪ್ಪಿದೆವು.

ಒಪ್ಪದೇ ಇದ್ದದ್ದು ಯಾವ ವ್ಯವಸ್ಥೆ ಎಂಬುದನ್ನು. ಮಗುವನ್ನು ನೋಡಿಕೊಳ್ಳಲೆಂದು ಮದ್ದೂರಿನ ಕಡೆಯ ಹಳ್ಳಿಯಿಂದ ಬಂದಿರುವ ಅಮ್ಮನಿಗೆ ಕೈತುತ್ತಲ್ಲದೆ ಬೇರೆ ದಾರಿಯಿಲ್ಲ. ಕೆಲಸಕ್ಕೆ ಹೊರಡುವ ಅವಸರದಲ್ಲಿ ತಿಂಡಿ ತಿನ್ನಿಸಬೇಕಾದ ನನ್ನ ಹೆಂಡತಿ, ಬೇಡವೆಂದು ಗೊತ್ತಿದ್ದೂ, ಮೊಬೈಲಿಗೆ ಶರಣಾಗಿದ್ದಳು. ಮಗು ತಾನೇ ಕುಳಿತು ತಾನೇ ತಿನ್ನಲಿ ಎಂಬ ಮೂರನೆಯ ಪಕ್ಷ ನನ್ನದು. ಆದರೆ ದಿನದ ಊಟಗಳಲ್ಲಿ ನಾನು ಮನೆಯಲ್ಲಿರುತ್ತಿದ್ದುದು ರಾತ್ರಿಯದಕ್ಕೆ ಮಾತ್ರವಾದ್ದರಿಂದ ನನ್ನ ಮಾತಿಗೆ ತೂಕವಿರಲಿಲ್ಲ. ಕೊನೆಗೆ ಒಂದೊಂದು ವಿಧಾನವನ್ನೂ ಮೂರು ಮೂರು ವಾರ, ಬೆರಕೆಯಿಲ್ಲದೆ, ಹೆಚ್ಚುಕಡಿಮೆ ಅದೇ ಅಡುಗೆಯೊಡನೆ ನಡೆಸಿ ನೋಡುವುದೆಂದು ತೀರ್ಮಾನವಾಯಿತು. ನಾನು ಎರಡು ವಾರ ರಜೆ ಹಾಕಿದೆ, ಉಳಿದ ದಿನಗಳಲ್ಲಿ ಮಧ್ಯಾಹ್ನದ ಲೆಕ್ಕವನ್ನು ಅಮ್ಮ ಹೇಳಿದಂತೆ ಬರೆದುಕೊಂಡೆ. ಅಡುಗೆಮನೆಯ ತಕ್ಕಡಿಯಲ್ಲಿ ಊಟಕ್ಕೆ ಮೊದಲು ಮತ್ತು ಊಟದ ನಂತರ ತಟ್ಟೆಯನ್ನು ತೂಗುತ್ತಿದ್ದೆವು. ಮಗುವಿನ ಊಟವನ್ನು ತೂಗಬಾರದು, ದೃಷ್ಟಿಯಾಗುತ್ತದೆ ಎಂದು ಅಮ್ಮ ಮೊದಲ ವಾರ ಅದನ್ನು ಮುಟ್ಟಲೇ ಇಲ್ಲ.

ವಿಧಾನಗಳಿಗೆ ಹೋಗುವ ಮುನ್ನ ಒಂದು ಮಾತು ತಿಳಿದಿರಬೇಕು. ಮೊದಲ ವರ್ಷದಲ್ಲಿ ಮಗು ಹುಟ್ಟಿದ ತೂಕದ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಸೇರುವುದು ಹೆಚ್ಚೆಂದರೆ ಎರಡು, ಎರಡೂವರೆ ಕಿಲೋ. ಬೆಳವಣಿಗೆಯ ಓಟ ತಗ್ಗಿದಾಗ ಹಸಿವೂ ತಗ್ಗುತ್ತದೆ, ಮತ್ತು ಸರಿಯಾಗಿ ಅದೇ ವಯಸ್ಸಿನಲ್ಲಿ ಗುರುತಿಲ್ಲದ ತಿನಿಸನ್ನು ಕಂಡರೆ ಹಿಂಜರಿಯುವ ಸ್ವಭಾವವೂ ಮಕ್ಕಳಲ್ಲಿ ಬಲಿಯುತ್ತದೆ. ಹೀಗಾಗಿ ಹತ್ತು ತಿಂಗಳಲ್ಲಿ ಬಟ್ಟಲು ತುಂಬ ರಾಗಿ ಸರಿ ಉಣ್ಣುತ್ತಿದ್ದ ಮಗು ಈಗೇಕೆ ಉಣ್ಣುವುದಿಲ್ಲ ಎಂಬ ನಮ್ಮ ಪ್ರಶ್ನೆಯೇ ಅರ್ಧ ತಪ್ಪಾಗಿತ್ತು. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸ್ಥೂಲವಾಗಿ ಒಂದು ಸಾವಿರ ಕ್ಯಾಲೊರಿ, 500 ಮಿಲಿಗ್ರಾಂ ಕ್ಯಾಲ್ಸಿಯಂ, 8 ಮಿಲಿಗ್ರಾಂ ಕಬ್ಬಿಣ. ಮೊದಲ ಎರಡು ಅಷ್ಟು ಕಷ್ಟವಲ್ಲ. ಕಬ್ಬಿಣವೇ ಕಷ್ಟ.

ಮೊಬೈಲ್ ತುತ್ತಿನ ಮೂರು ವಾರಗಳನ್ನು ಬೇಗ ಹೇಳಿ ಮುಗಿಸಬಹುದು. ತೂಕದ ಲೆಕ್ಕವೊಂದನ್ನೇ ಹಿಡಿದರೆ ಗೆದ್ದದ್ದು ಅದೇ: ಮಧ್ಯಾಹ್ನಕ್ಕೆ ಸರಾಸರಿ 140 ಗ್ರಾಂ ಒಳಗೆ ಹೋಗುತ್ತಿತ್ತು. ಆದರೆ ಸಮಯ 55 ನಿಮಿಷಕ್ಕಿಂತ ಕೆಳಗೆ ಇಳಿಯಲೇ ಇಲ್ಲ, ಏಕೆಂದರೆ ಮಗು ತುತ್ತನ್ನು ಅಗಿಯದೆ ಎಡಗೆನ್ನೆಯಲ್ಲಿ ಉಂಡೆ ಕಟ್ಟಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂರುತ್ತಿದ್ದಳು. ನೆಟ್‌ವರ್ಕ್ ನಿಂತು ಚಿತ್ರ ಗಿರಗಿರ ತಿರುಗತೊಡಗಿದರೆ ಬಾಯಿಯೂ ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಬೀನ್ಸ್ ಪಲ್ಯ ಬೆರೆಸಿದ ಅನ್ನವನ್ನು ಅರ್ಧ ತಿಂದ ಮೇಲೆ ಫೋನಿನ ಚಾರ್ಜ್ ಮುಗಿಯಿತು. ಆಗ ಅವಳು ತನ್ನ ಬಾಯಿಯಲ್ಲಿದ್ದುದನ್ನು ಬೆರಳು ಹಾಕಿ ಹೊರತೆಗೆದು, ಇದೇನು ಎಂಬಂತೆ ನೋಡಿ, ಹಸಿರು ಚೂರನ್ನು ಕಂಡೊಡನೆ ಅಳತೊಡಗಿದಳು. ಹನ್ನೆರಡು ದಿನ ಬೀನ್ಸ್ ತಿಂದ ಮಗುವಿಗೆ ಬೀನ್ಸಿನ ಪರಿಚಯವೇ ಆಗಿರಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ಭಾರತೀಯ ಶಿಶುವೈದ್ಯರ ಅಕಾಡೆಮಿ ಹೇಳುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಯಲ್ಲಿ ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ಗಂಟೆಯ ಮಿತಿಯಿದೆ. ನಮ್ಮ ಮನೆಯಲ್ಲಿ ಬರಿಯ ಊಟಕ್ಕೇ ಅದರ ಎರಡರಷ್ಟು ಆಗುತ್ತಿತ್ತು. ಮೂರು ವಾರ ಮುಗಿದ ದಿನ ಈ ವಿಧಾನವನ್ನು ಕೈಬಿಟ್ಟವಳು ನನ್ನ ಹೆಂಡತಿಯೇ.

ಕೈತುತ್ತಿನ ವಿಷಯ ಅಷ್ಟು ಸರಳವಾಗಿಲ್ಲ, ಮತ್ತು ಅದನ್ನು ಹಳೆಯ ಕಾಲದ ಒತ್ತಾಯವೆಂದು ತಳ್ಳಿಹಾಕುವ ಹುಮ್ಮಸ್ಸಿನಿಂದ ಶುರುಮಾಡಿದ ನಾನು ಇಲ್ಲಿ ಸ್ವಲ್ಪ ಸೋತಿದ್ದೇನೆ. ಅಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಟ್ಟಲನ್ನು ಎಡಗೈಯಲ್ಲಿ ಹಿಡಿದು ತಾರಸಿಗೆ ಹೋಗುತ್ತಿದ್ದಳು. ಅನ್ನವನ್ನು ಬೆರಳ ತುದಿಯಲ್ಲಿ ನುಣ್ಣಗೆ ಮಾಡಿ, ಬಿಸಿಯೇ ಎಂದು ತನ್ನ ತುಟಿಗೆ ತಾಗಿಸಿ ನೋಡಿ, ಗೋಲಿಯಷ್ಟು ಉಂಡೆ ಕಟ್ಟಿ, ಕಾಗಕ್ಕ ಗುಬ್ಬಕ್ಕನ ಕಥೆಯ ನಡುವೆ ಸರಿಯಾದ ಕ್ಷಣಕ್ಕೆ ಬಾಯಿಗೆ ಇಡುತ್ತಿದ್ದಳು. ಪಕ್ಕದ ಮನೆಯ ತೆಂಗಿನ ಮರದ ಅಳಿಲು, ಕೆಳಗಿನ ಎಳನೀರು ಗಾಡಿ, ತಿರುವಿನಲ್ಲಿ ಕಾಣುವ ಬಿಎಂಟಿಸಿ ಬಸ್ಸು, ಎಲ್ಲವೂ ಊಟದಲ್ಲಿ ಪಾಲ್ಗೊಳ್ಳುತ್ತಿದ್ದವು. ಮೊಬೈಲ್ ತುತ್ತಿಗೂ ಇದಕ್ಕೂ ಏನು ಅಂತರ, ಎರಡೂ ಗಮನ ಬೇರೆಡೆ ಸೆಳೆಯುವುದೇ ಅಲ್ಲವೇ ಎಂದು ನಾನು ವಾದಿಸಿದ್ದೆ. ಅಂತರವಿದೆ. ಅಮ್ಮ ಮಾತು ನಿಲ್ಲಿಸಿ ಮಗುವಿನ ಮುಖ ನೋಡುತ್ತಾಳೆ. ಮಗು ಅಗಿಯುವವರೆಗೆ ಅಳಿಲೂ ಕಾಯುತ್ತದೆ. ಈ ಮೂರು ವಾರಗಳಲ್ಲಿ ಮಗಳು ಹೊಸದಾಗಿ ಆಡಿದ ಮಾತುಗಳನ್ನು ಬರೆದಿಟ್ಟಿದ್ದೇನೆ: ಕಾಕಾ, ಬಸ್ಸು, ಬಿಸಿ, ಖಾರ, ಹಾಕು. ಮೊಬೈಲಿನ ವಾರಗಳ ಆ ಪುಟ ಖಾಲಿಯಿದೆ.

ತೂಕದಲ್ಲಿ ಕೈತುತ್ತು ಮೊಬೈಲಿಗಿಂತ ಸ್ವಲ್ಪವೇ ಹಿಂದೆ, 130 ಗ್ರಾಂ; ಸಮಯ 45 ನಿಮಿಷ. ಅದರ ದೋಷ ಬೇರೆ ಕಡೆ ಇತ್ತು. ಮಗು ತಲೆ ತಿರುಗಿಸಿದ ಮೇಲೂ "ಇದು ತಾತನ ತುತ್ತು, ಇದು ಅಪ್ಪನ ತುತ್ತು" ಎಂದು ಇನ್ನೂ ಎಂಟು ತುತ್ತು ಹೋಗುತ್ತಿತ್ತು. ಸಾಕೆಂದು ಹೇಳುವ ಮಗುವಿನ ಹೊಟ್ಟೆಯ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ, ಮತ್ತು ಆ ಎಂಟು ತುತ್ತುಗಳಿಗಾಗಿ ವಾರಕ್ಕೆ ಒಂದೆರಡು ಬಾರಿ ಇಡೀ ಊಟವೇ ವಾಂತಿಯಾಗಿ ಹೊರಬರುತ್ತಿತ್ತು. ಇದರ ಜೊತೆಗೆ ಅಮ್ಮನ ಮೊಣಕಾಲು. ದಿನಕ್ಕೆ ಎರಡು ಬಾರಿ ಹತ್ತು ಕಿಲೋ ತೂಕದ ಮಗುವನ್ನು ಎತ್ತಿಕೊಂಡು ತಾರಸಿ ಹತ್ತುವ ವಿಧಾನವನ್ನು ಅಗ್ಗದ ವಿಧಾನವೆಂದು ಯಾವ ಲೆಕ್ಕದಲ್ಲೂ ಬರೆಯಲಾಗದು.

ಮೂರನೆಯದು ನನ್ನದು. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಬೇಕು. ತಿನ್ನುವುದೋ ಬೇಡವೋ, ತಿಂದರೆ ಎಷ್ಟು ಎಂಬುದನ್ನು ಮಗುವಿಗೇ ಬಿಡಬೇಕು ಎಂದು ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ವಿಂಗಡಿಸಿದ್ದಾರೆ. ಆ ವಿಂಗಡಣೆಯನ್ನು ನಮ್ಮ ಮನೆಗೆ ಹೀಗೆ ಒಗ್ಗಿಸಿಕೊಂಡೆವು: ಎಲ್ಲರೂ ನೆಲದ ಮೇಲೆ ಕೂರುವುದು, ಅವಳಿಗೊಂದು ಪುಟ್ಟ ಮಣೆ, ಅಂಚು ಎತ್ತರವಿರುವ ಸ್ಟೀಲ್ ತಟ್ಟೆ, ಅದರಲ್ಲಿ ಅವಳಿಗೆ ಗೊತ್ತಿರುವ ಎರಡು ಪದಾರ್ಥ ಮತ್ತು ಹೊಸದು ಒಂದೇ ಒಂದು ಚಮಚ, 25 ನಿಮಿಷ ಕಳೆದರೆ ಯಾವ ಮಾತೂ ಆಡದೆ ತಟ್ಟೆ ಎತ್ತುವುದು. ಎರಡು ಊಟಗಳ ನಡುವೆ ಬಿಸ್ಕತ್ತು, ಬನ್ನು ಇಲ್ಲ. ಹೊಗಳಿಕೆಯೂ ಇಲ್ಲ, ಗದರಿಕೆಯೂ ಇಲ್ಲ; ಇದೇ ಅತಿ ಕಷ್ಟದ ನಿಯಮವೆಂದು ಎರಡನೆಯ ದಿನಕ್ಕೇ ಗೊತ್ತಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ಊಟದ ಬಗ್ಗೆ ಮಾತಾಡದೆ ಊಟ ಮಾಡಿದವರೇ ಇಲ್ಲ.

ಮೊದಲ ವಾರ ಅವಳು ತಿಂದದ್ದು ಹೊತ್ತಿಗೆ 35 ಗ್ರಾಂ, ಅದೂ ಬರಿಯ ಮೊಸರನ್ನ. ನೆಲ ತಿಂದದ್ದು ಅದಕ್ಕಿಂತ ಹೆಚ್ಚು. ಅಮ್ಮ ತಾನೂ ಅರ್ಧ ಹೊಟ್ಟೆ ಉಂಡು ಏಳುತ್ತಿದ್ದಳು, "ಕೂಸು ಹಸ್ಕೊಂಡು ಮಲಗೋ ಮನೇಲಿ ನಂಗೆ ಅನ್ನ ಇಳಿಯಾಕಿಲ್ಲ ಕಣಪ್ಪ" ಎನ್ನುತ್ತಿದ್ದಳು. ಮೂರನೆಯ ವಾರಕ್ಕೆ 60 ಗ್ರಾಂ ಆಯಿತು. ನಾನು ಅದನ್ನು ಪ್ರಗತಿಯೆಂದು ಸಾಧಿಸುತ್ತಿರುವಾಗಲೇ ಅಂಗನವಾಡಿಯಲ್ಲಿ ತೂಕ ಹಾಕಿಸಿದರೆ 200 ಗ್ರಾಂ ಇಳಿದಿತ್ತು. ತಾಯಿ ಕಾರ್ಡಿನ ಬೆಳವಣಿಗೆಯ ಗೆರೆ ಮೊದಲ ಬಾರಿಗೆ ಕೆಳಮುಖವಾದುದನ್ನು ನೋಡಿ ನನ್ನ ಹೆಂಡತಿ ಆ ರಾತ್ರಿ ನನ್ನೊಡನೆ ಮಾತಾಡಲಿಲ್ಲ. ಹೋಲಿಕೆ ಇಲ್ಲಿಗೇ ಮುಗಿದಿದ್ದರೆ ಕೈತುತ್ತು ಮೊದಲು, ಮೊಬೈಲು ಎರಡನೆಯದು, ನನ್ನ ತಟ್ಟೆ ಕೊನೆಯದು ಎಂದು ಬರೆದು ಸುಮ್ಮನಾಗಬೇಕಾಗಿತ್ತು.

ತಿರುವು ಕೊಟ್ಟದ್ದು ಅಂಗನವಾಡಿ ಟೀಚರ್ ಕೇಳಿದ ಒಂದೇ ಪ್ರಶ್ನೆ: "ಹಾಲು ಎಷ್ಟು ಕುಡೀತಾಳೆ ಸರ್?" ನಮಗೆ ಉತ್ತರ ಗೊತ್ತಿರಲಿಲ್ಲ. ತುತ್ತು ತುತ್ತನ್ನೂ ತೂಗಿದ ನನ್ನ ಪುಸ್ತಕದಲ್ಲಿ ಹಾಲಿಗೊಂದು ಕಾಲಮ್ಮೇ ಇರಲಿಲ್ಲ, ಏಕೆಂದರೆ ಹಾಲನ್ನು ನಾವು ಯಾರೂ ಊಟವೆಂದು ಎಣಿಸಿರಲಿಲ್ಲ. ಮರುದಿನ ಅಳೆದೆವು. ಎದ್ದ ಕೂಡಲೇ 200 ಮಿಲಿಲೀಟರ್, ಮಧ್ಯಾಹ್ನ ಮಲಗುವ ಮೊದಲು 150, ಸಂಜೆ 150, ರಾತ್ರಿ ಬಾಟಲಿಯಲ್ಲಿ 200, ಒಟ್ಟು 700. ಊಟ ಮಾಡದ ಮಗು ಹಾಲನ್ನಾದರೂ ಕುಡಿಯಲಿ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಪಾಳಿಯಲ್ಲಿ ಕೊಟ್ಟದ್ದು ಕೂಡಿ ಹೀಗಾಗಿತ್ತು. ಟೋನ್ಡ್ ಹಾಲಿನ 100 ಮಿಲಿಲೀಟರಿಗೆ ಸುಮಾರು 60 ಕ್ಯಾಲೊರಿಯಂತೆ ಅದು 420 ಕ್ಯಾಲೊರಿ, ಎಂದರೆ ಅವಳ ದಿನದ ಅಗತ್ಯದಲ್ಲಿ ಹತ್ತಿರ ಹತ್ತಿರ ಅರ್ಧ. ಅರ್ಧ ಹೊಟ್ಟೆ ಮೊದಲೇ ತುಂಬಿದ್ದ ಮಗುವಿನ ಮುಂದೆ ಮೂರು ವಿಧಾನಗಳನ್ನು ಸ್ಪರ್ಧೆಗಿಟ್ಟಿದ್ದೆವು.

ಹಾಲಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಕಬ್ಬಿಣ ನಾಮಕಾವಾಸ್ತೆ. ಸಾಲದ್ದಕ್ಕೆ, ಅತಿಯಾದ ಹಾಲು ಬೇರೆ ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅಡ್ಡಬರುತ್ತದೆ. ದಿನಕ್ಕೆ ಅರ್ಧ ಲೀಟರ್ ದಾಟಬಾರದೆಂದು ಮಕ್ಕಳ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6 ಬಂತು. ಈ ವಯಸ್ಸಿನ ಆಸುಪಾಸಿನಲ್ಲಿ 11 ಇರಬೇಕು. ನಾವು ಅಪರೂಪದವರೇನೂ ಅಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಆ ಅಂಕಿಯನ್ನು ಹಿಂದೆ ಓದಿದ್ದಾಗ ಅದು ಬಡತನದ ಲೆಕ್ಕವೆಂದುಕೊಂಡಿದ್ದೆ; ದಿನಕ್ಕೆ ಎರಡು ಪ್ಯಾಕೆಟ್ ನಂದಿನಿ ತರುವ ನಮ್ಮ ಮನೆಯೂ ಅದರೊಳಗಿತ್ತು. ರಕ್ತಹೀನತೆಯಿಂದ ಹಸಿವು ಇನ್ನೂ ಕುಂದುತ್ತದೆ, ಹಸಿವಿಲ್ಲದ ಮಗುವಿಗೆ ಮತ್ತೆ ಹಾಲು ಕೊಡುತ್ತೇವೆ. ವೈದ್ಯರು ಕಬ್ಬಿಣದ ಹನಿ ಬರೆದುಕೊಟ್ಟು, ಅದನ್ನು ಹಾಲಿನೊಡನೆ ಕೊಡಬಾರದೆಂದೂ ಹಾಲನ್ನು 400ಕ್ಕೆ ಇಳಿಸಬೇಕೆಂದೂ ಹೇಳಿದರು.

ಇಳಿಸುವುದು ಮಾತಿನಷ್ಟು ಸುಲಭವಾಗಲಿಲ್ಲ. ಮಧ್ಯಾಹ್ನದ ಹಾಲು ಎರಡೇ ದಿನದಲ್ಲಿ ನಿಂತಿತು, ರಾತ್ರಿಯ ಬಾಟಲಿಗೆ ಹನ್ನೊಂದು ರಾತ್ರಿ ಬೇಕಾಯಿತು. ಊಟವಾದ ಮೇಲೆ ಲೋಟದಲ್ಲಿ ಕೊಡುವುದು, ಊಟಕ್ಕೆ ಎರಡು ಗಂಟೆ ಮುಂಚೆ ಹಾಲಿನ ಹೆಸರೆತ್ತದಿರುವುದು, ಇವೆರಡೇ ಉಪಾಯಗಳು ನಮಗೆ ಫಲಿಸಿದವು. ಮುಂದಿನ ನಾಲ್ಕು ವಾರಗಳಲ್ಲಿ ಅದೇ ಮಣೆ, ಅದೇ ತಟ್ಟೆ, ಅದೇ ಅಡುಗೆಯೊಡನೆ ಮಧ್ಯಾಹ್ನದ ತೂಕ 60 ಗ್ರಾಮಿನಿಂದ 110ಕ್ಕೆ ಏರಿತು. ಸಮಯ 22 ನಿಮಿಷ.

ಆ ವಾರಗಳ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಮಗಳ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ, ಗುಂಡಿ ಮಾಡಿ ಅದರೊಳಗೆ ಎರಡು ಚಮಚ ಸಾರಿನ ತಿಳಿ. ಅವಳು ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಬೆರಳ ಗುರುತು ಹಾಗೇ ಉಳಿದದ್ದು ಅವಳಿಗೆ ಬಹಳ ಹಿಡಿಸಿತು. ಇನ್ನೊಂದು ಬೆರಳು ಒತ್ತಿದಳು, ಮತ್ತೊಂದು. ನಾವು ಮೂವರೂ ನೋಡದವರಂತೆ ನಮ್ಮ ನಮ್ಮ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆವು. ಅಜ್ಜಿ ಮುರಿದಂತೆಯೇ ಮುರಿದು, ಉರುಟು ಮಾಡಲು ಹೋಗಿ ಚಪ್ಪಟೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ದೊಡ್ಡವರ ಪಾಠ. ಅಗಿದ ಅವಳ ಹಲ್ಲಿಗೆಲ್ಲ ಅದು ಮೆತ್ತಿಕೊಂಡಿತು. ಅಮ್ಮ ಹೇಳಲು ಬಾಯಿ ತೆರೆದವಳು ಹಾಗೆಯೇ ಸುಮ್ಮನಾದಳು. ಮಗು ನಾಲಿಗೆಯಿಂದ ಹಲ್ಲು ಸವರಿಕೊಂಡು ಇನ್ನೊಂದು ಚೂರು ಮುರಿದಳು. ಆ ರಾತ್ರಿಯ ತೂಕವನ್ನು ಪುಸ್ತಕದಲ್ಲಿ ಬರೆದಿಲ್ಲ, ತೂಗುವುದನ್ನೇ ಮರೆತಿದ್ದೆವು.

ಆದರೆ ನ್ಯಾಯವಾಗಿ ನೋಡಿದರೆ ಹಾಲು ಇಳಿಸಿದ ಲಾಭ ನನ್ನ ವಿಧಾನಕ್ಕೆ ಮಾತ್ರ ಸಿಕ್ಕಿತ್ತು. ಕೈತುತ್ತಿಗೂ ಅದೇ ಅವಕಾಶ ಕೊಡಬೇಕೆಂದು ಅಮ್ಮ ಕೇಳಿದಳು, ಕೇಳಿದ್ದು ಸರಿಯಾಗಿಯೇ ಇತ್ತು. ಎರಡು ವಾರ ಮತ್ತೆ ಕೈತುತ್ತು ನಡೆಯಿತು. 45 ನಿಮಿಷ ಹಿಡಿಯುತ್ತಿದ್ದ ಊಟ 25 ನಿಮಿಷಕ್ಕೆ ಬಂತು, ತೂಕ 150 ಗ್ರಾಂ ಮುಟ್ಟಿತು, ವಾಂತಿ ಒಮ್ಮೆಯೂ ಆಗಲಿಲ್ಲ, ತಾರಸಿ ಹತ್ತುವ ಅಗತ್ಯವೂ ಬೀಳಲಿಲ್ಲ. ತೂಕದಲ್ಲಿ ನನ್ನ ತಟ್ಟೆಯನ್ನು ಅದು ಮತ್ತೆ ಸೋಲಿಸಿತು ಎಂಬುದನ್ನು ಮುಚ್ಚಿಡುವಂತಿಲ್ಲ. ತಟ್ಟೆ ಗೆದ್ದದ್ದು ಬೇರೆ ಎರಡು ವಿಷಯಗಳಲ್ಲಿ: ಅವಳು ತಾನಾಗಿ ಮುಟ್ಟುವ ಪದಾರ್ಥಗಳ ಸಂಖ್ಯೆ ಐದರಿಂದ ಹದಿನಾಲ್ಕಕ್ಕೆ ಏರಿತು, ಮತ್ತು ಅಮ್ಮ ಎರಡು ದಿನ ಊರಿಗೆ ಹೋದರೆ ಮಗು ಉಪವಾಸ ಬೀಳುವುದು ತಪ್ಪಿತು. ಈಗ ಜ್ವರ ಬಂದ ದಿನ, ನಿದ್ದೆಗಣ್ಣಿನ ರಾತ್ರಿ ಕೈತುತ್ತು, ಉಳಿದಂತೆ ತಟ್ಟೆ. ತಟ್ಟೆಯಲ್ಲಿ ಅವಳು ಸಾಕೆಂದ ಮೇಲೆ ಅಜ್ಜಿ ತನ್ನ ತಟ್ಟೆಯಿಂದ ಒಂದು ತುತ್ತು ಕೊಟ್ಟು, ಅವಳು ಬಾಯಿ ತೆರೆದರೆ ನಾನು ತಕರಾರು ಮಾಡುವುದಿಲ್ಲ.

ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ 11.3 ಆಗಿತ್ತು. ಅದರ ಕೀರ್ತಿ ಬಹುಪಾಲು ವೈದ್ಯರ ಹನಿಗೇ ಸೇರಬೇಕು, ಊಟದ ವಿಧಾನಕ್ಕಲ್ಲ. ಇಳಿದ ರಕ್ತವನ್ನು ಸೊಪ್ಪು ತಿನ್ನಿಸಿ ಮೇಲೆತ್ತುತ್ತೇವೆಂದು ಕಾದು ಕೂರುವುದು ಸಲ್ಲದು. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರಿನಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವೇ ಇದೆ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತಿಳಿಯುತ್ತದೆ. ನಾವು ಕೇಳಿರಲೇ ಇಲ್ಲ.

ಎರಡನೆಯ ಹೋಲಿಕೆ ತರಕಾರಿಯದು: ಬಚ್ಚಿಟ್ಟು ತಿನ್ನಿಸುವುದೋ, ಕಾಣುವಂತೆ ಇಡುವುದೋ. ಬಚ್ಚಿಡುವುದನ್ನು ಮೊದಲು ಮಾಡಿದೆವು, ಏಕೆಂದರೆ ಅದು ಜಾಣತನವೆಂದು ತೋರುತ್ತಿತ್ತು. ಪಾಲಕ್ ಅರೆದು ದೋಸೆ ಹಿಟ್ಟಿಗೆ, ಬೀಟ್‌ರೂಟ್ ಬೇಯಿಸಿ ಚಪಾತಿ ಹಿಟ್ಟಿಗೆ, ಕ್ಯಾರೆಟ್ ತುರಿದು ರವೆ ಇಡ್ಲಿಗೆ. ಎರಡು ವಾರ ನಿರಾತಂಕವಾಗಿ ಸಾಗಿತು. ಲೆಕ್ಕ ಹಾಕಿದರೆ 100 ಗ್ರಾಂ ಪಾಲಕ್‌ನಿಂದ ಎಂಟು ದೋಸೆ, ಅವಳು ತಿನ್ನುವುದು ಒಂದು. ಇಷ್ಟೆಲ್ಲ ನಾಟಕ ದಿನಕ್ಕೆ ಹನ್ನೆರಡೂವರೆ ಗ್ರಾಂ ಸೊಪ್ಪಿಗಾಗಿ. ಮೂರನೆಯ ವಾರ ಒಂದು ಬೆಳಿಗ್ಗೆ ಸರಿಯಾಗಿ ಅರೆಯದ ಎಲೆಯ ದಂಟೊಂದು ದೋಸೆಯಲ್ಲಿ ಉಳಿದಿತ್ತು. ಮಗಳು ಅದನ್ನು ಎಳೆದು ತೆಗೆದು, ದೋಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಅಲ್ಲಿಂದ ಒಂಬತ್ತು ದಿನ ಅವಳು ದೋಸೆಯನ್ನೇ ಮುಟ್ಟಲಿಲ್ಲ, ಬಿಳಿಯ ದೋಸೆಯನ್ನೂ ಸಹ. ಅವಳು ಅತಿ ಇಷ್ಟಪಟ್ಟು ತಿನ್ನುತ್ತಿದ್ದ ಒಂದು ತಿಂಡಿಯನ್ನು ನಮ್ಮ ಕೈಯಾರೆ ಕಳೆದುಕೊಂಡೆವು.

ಕಾಣುವಂತೆ ಇಡುವ ದಾರಿ ನಿಧಾನ, ಬೇಸರ ತರಿಸುವಷ್ಟು ನಿಧಾನ. ಒಂದು ಹೊಸ ತರಕಾರಿಯನ್ನು ಮಗು ಒಪ್ಪಬೇಕಾದರೆ ಎಂಟರಿಂದ ಹದಿನೈದು ಬಾರಿಯಾದರೂ ಅದು ಕಣ್ಣಿಗೆ, ಕೈಗೆ, ಬಾಯಿಗೆ ಬೀಳಬೇಕು ಎಂದು ಮಕ್ಕಳ ಊಟದ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನಾವಾದರೋ ಮೂರನೆಯ ಬಾರಿಗೆ "ಇವಳಿಗೆ ಇದು ಸೇರೋಲ್ಲ" ಎಂದು ಹಣೆಪಟ್ಟಿ ಹಚ್ಚಿಬಿಡುತ್ತಿದ್ದೆವು. ದಿನವೂ ಒಂದು ಚಮಚ ಮಾತ್ರ ಇಟ್ಟದ್ದರಿಂದ ಎಸೆದದ್ದೂ ಕಡಿಮೆ. ಬೇಯಿಸಿದ ಕ್ಯಾರೆಟ್ ಆರನೆಯ ಬಾರಿಗೆ ಒಳಗೆ ಹೋಯಿತು. ಬೀನ್ಸ್ ಹನ್ನೊಂದನೆಯ ಬಾರಿಗೆ. ತಮಿಳರು ಬೆಂಗಳೂರಿನ ಹೆಸರಿಟ್ಟೇ ಕರೆಯುವ ಸೀಮೆಬದನೆಕಾಯಿಯನ್ನು ಅವಳು ಎರಡನೆಯ ದಿನವೇ ಇಷ್ಟಪಟ್ಟಳು, ಬಹುಶಃ ಅದಕ್ಕೆ ಅಂಥ ರುಚಿಯೇನೂ ಇಲ್ಲದ ಕಾರಣಕ್ಕೆ. ಹೀರೇಕಾಯಿ ಹದಿನೇಳು ಬಾರಿ ತಟ್ಟೆಯಲ್ಲಿ ಕುಳಿತು ಹದಿನೇಳು ಬಾರಿಯೂ ಹಾಗೆಯೇ ಎದ್ದಿದೆ.

ಇಲ್ಲಿ ನಾನು ಬಚ್ಚಿಡುವುದಕ್ಕೂ ಬೆರೆಸುವುದಕ್ಕೂ ವ್ಯತ್ಯಾಸ ಮಾಡುತ್ತೇನೆ. ನಮ್ಮ ಕಡೆಯ ಮಸ್ಸೊಪ್ಪು, ನುಗ್ಗೆಸೊಪ್ಪಿನ ರೊಟ್ಟಿ, ಸೋರೆಕಾಯಿ ದೋಸೆ ಇವೆಲ್ಲ ತರಕಾರಿ ಬೆರೆತ ಅಡುಗೆಗಳೇ, ಆದರೆ ಅವುಗಳ ಹೆಸರಿನಲ್ಲೇ ಸೊಪ್ಪಿದೆ, ತರಕಾರಿಯಿದೆ. ಸೊಪ್ಪನ್ನು ಬೇಳೆಯೊಡನೆ ಬೇಯಿಸಿ ಮಸೆದು, ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿದ ಮಸ್ಸೊಪ್ಪಿಗೆ ತುಪ್ಪದ ಅನ್ನ ಕಲಸಿದರೆ ಹಸಿರು ಬಣ್ಣವನ್ನು ಕಂಡೂ ತಿನ್ನುತ್ತಾಳೆ. ನಿಂಬೆಯ ಸಿ ಜೀವಸತ್ವದಿಂದ ಸೊಪ್ಪು ಬೇಳೆಗಳ ಕಬ್ಬಿಣ ಹೆಚ್ಚು ದಕ್ಕುತ್ತದೆ ಎಂಬುದು ಮೇಲಿನ ಲಾಭ. ವಾರಕ್ಕೆ ನಾಲ್ಕು ಮೊಟ್ಟೆ, ಭಾನುವಾರದ ಕೋಳಿ ಸಾರಿನಲ್ಲಿ ಅವಳ ಪಾಲಿಗೆ ಬರುವ ಈಲಿಯ (ಲಿವರ್) ಒಂದು ತುಂಡು, ಇವುಗಳಿಗೆ ಯಾವ ವಿಧಾನವೂ ಬೇಕಾಗಲಿಲ್ಲ.

ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಇನ್ನೊಂದು ಸಂಗತಿ ಕಂಡೆವು. ಗಾಂಧಿ ಬಜಾರಿನಿಂದ ತಂದ ಸೊನೆಯ ಅವರೆಯನ್ನು ಸುಲಿದು ನೆನೆಹಾಕಿ, ಅಮ್ಮ ಹಿತುಕಲು ಕುಳಿತರೆ ಮಗಳೂ ಪಕ್ಕದಲ್ಲಿ ಕೂರುತ್ತಿದ್ದಳು. ಎರಡು ಬೆರಳ ನಡುವೆ ಒತ್ತಿದೊಡನೆ ಬೇಳೆ ಚಿಮ್ಮಿ ಗೋಡೆಗೆ ತಾಗುವುದನ್ನು ನೋಡಿ ಅವಳಿಗೆ ನಗುವೋ ನಗು. ಹಸಿ ಕಾಳು ಬಾಯಿಗೆ ಹೋಗದಂತೆ ಕಾಯಲು ಒಬ್ಬರು ಅಲ್ಲೇ ಇರಬೇಕಾಗಿತ್ತು. ಆ ಸಂಜೆ ಹಿತುಕಿದ ಬೇಳೆ ಸಾರನ್ನು ಅವಳು ಯಾವ ಪರಿಚಯದ ವಿಧಿಯೂ ಇಲ್ಲದೆ ಮೊದಲ ದಿನವೇ ಉಂಡಳು. ಕಾಳನ್ನು ನಾಲಿಗೆಯಿಂದ ಹುಡುಕಿ ತೆಗೆದು ತೋರಿಸಿ, "ನಂದು" ಎಂದು ಹೇಳಿ ತಿನ್ನುತ್ತಿದ್ದಳು. ಅದಕ್ಕೆ ಕೆಲವೇ ದಿನ ಮೊದಲು ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿಯನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು, ಪುಡಿ ಮಾಡಿ ಚಟ್ನಿಗೆ ಹಾಕಬಹುದು. ತಾನೇ ತಿನ್ನುವ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕಾದದ್ದು ಇದಕ್ಕೇ. ಸದ್ದು ಮಾಡಿ ಕೆಮ್ಮುತ್ತ ಓಕರಿಸುವ ಮಗು ಸಾಮಾನ್ಯವಾಗಿ ತಾನೇ ಸರಿಪಡಿಸಿಕೊಳ್ಳುತ್ತದೆ. ಉಸಿರು ಕಟ್ಟಿದ ಮಗುವಿನಿಂದ ಸದ್ದೇ ಬರುವುದಿಲ್ಲ.

ಮೂರನೆಯ ಹೋಲಿಕೆಗೆ ಹೆಚ್ಚು ಜಾಗ ಬೇಡ. ಸಂಬಂಧಿಕರೊಬ್ಬರು ಪ್ರೀತಿಯಿಂದ ತಂದುಕೊಟ್ಟ ಡಬ್ಬಿಯ ಪುಡಿಯನ್ನು ಒಂದು ತಿಂಗಳು, ಮನೆಯ ರಾಗಿ ಸರಿಯನ್ನು ಒಂದು ತಿಂಗಳು ಕೊಟ್ಟು ನೋಡಿದೆವು. ಡಬ್ಬಿಯನ್ನು ಮಗು ಕುಣಿದು ಕುಣಿದು ಕುಡಿದಳು, ಅದರಲ್ಲಿ ಸೇರಿಸಿದ ಕಬ್ಬಿಣವೂ ಇತ್ತು. ಆದರೆ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಎರಡನೆಯ ಸ್ಥಾನದಲ್ಲಿತ್ತು, ಮತ್ತು ಅದನ್ನು ಕಲಸಬೇಕಾದದ್ದು ನಾವು ಕಷ್ಟಪಟ್ಟು ಇಳಿಸಿದ್ದ ಅದೇ ಹಾಲಿನಲ್ಲಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ "ಆರೋಗ್ಯ ಪೇಯ" ಎಂಬ ವರ್ಗವೇ ಇಲ್ಲದ ಕಾರಣ ಇಂಥವನ್ನು ಆ ಹೆಸರಿನಡಿ ಮಾರಬಾರದೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ತಿಳಿಸಿದೆ.

ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120. ಹಾಲು ಇಳಿಸಿದರೆ ಮೂಳೆ ಸವೆಯುತ್ತದೆಂದು ಹೆದರುವವರಿಗೆ ಈ ಅಂಕಿ ಸಾಕು. ರಾಗಿಯನ್ನು ತೊಳೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು ಬೀಸಿಸಿದರೆ ಗಂಜಿ ಬೇಗ ಗಟ್ಟಿಯಾಗುವುದಿಲ್ಲ, ಆದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕಬ್ಬಿಣ ಹೀರಲು ಅಡ್ಡಬರುವ ಅಂಶವೂ ಮೊಳಕೆಯಿಂದ ತಗ್ಗುತ್ತದೆ. ನುಣುಪಿನ ಆಸೆಗೆ ತೀರಾ ತೆಳುಬಟ್ಟೆಯಲ್ಲಿ ಶೋಧಿಸಿ ಹೊಟ್ಟು ಎಸೆಯುವುದನ್ನು ನಾವು ಬಿಟ್ಟೆವು, ಏಕೆಂದರೆ ಕ್ಯಾಲ್ಸಿಯಂ ಹೆಚ್ಚಾಗಿರುವುದು ಆ ಹೊಟ್ಟಿನಲ್ಲೇ. ಮಗಳು ಸರಿಯನ್ನು ಕುಣಿದು ತಿನ್ನುವುದಿಲ್ಲ. ಬಾಳೆಹಣ್ಣು ಕಿವುಚಿ ಹಾಕಿದರೆ ಮುಗಿಸುತ್ತಾಳೆ, ಇಲ್ಲದಿದ್ದರೆ ಅರ್ಧ ಬಿಡುತ್ತಾಳೆ. ಡಬ್ಬಿಯ ತಿಂಗಳು ಮುಗಿದ ಮೇಲೆ ಸರಿಯ ಮೊದಲ ವಾರ ದಿನವೂ ಅಲಮಾರಿಯ ಕಡೆ ಕೈ ತೋರಿಸಿ ಅತ್ತಳು ಎಂಬುದನ್ನೂ ಬರೆಯಬೇಕು. ಸಿಹಿಯ ರುಚಿ ಹತ್ತಿಸಿದ್ದು ನಾವೇ.

ಇಬ್ಬರೂ ದುಡಿಯಲು ಹೋಗಿ, ಮಗುವನ್ನು ಡೇ ಕೇರ್‌ನಲ್ಲಿ ಬಿಡುವ ಮನೆಗಳಲ್ಲಿ ನಮ್ಮ ಈ ತೂಕದ ಲೆಕ್ಕವೆಲ್ಲ ನಡೆಯದು. ಅಂಥವರು ಒಂದೇ ಒಂದನ್ನು ಮಾಡುವುದಾದರೆ ಮೂರು ದಿನ ಹಾಲನ್ನು ಅಳೆಯಲಿ ಎನ್ನುತ್ತೇನೆ. ಅಜ್ಜಿಯೋ ಅಜ್ಜನೋ ಮನೆಯಲ್ಲಿದ್ದರೆ ಕೈತುತ್ತನ್ನು ನಿಲ್ಲಿಸಬೇಡಿ, "ಇನ್ನೊಂದೇ ತುತ್ತು" ಎಂಬುದನ್ನು ಮಾತ್ರ ನಿಲ್ಲಿಸಿ. ಮಗು ಸತತವಾಗಿ ತೂಕ ಕಳೆದುಕೊಳ್ಳುತ್ತಿದ್ದರೆ, ಗಟ್ಟಿ ಪದಾರ್ಥವನ್ನು ನುಂಗಲೇ ಆಗದೆ ಒದ್ದಾಡುತ್ತಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಯಾವ ವಿಧಾನವನ್ನೂ ಪರೀಕ್ಷಿಸುತ್ತ ಕೂರದೆ ವೈದ್ಯರ ಬಳಿ ಹೋಗಿ. ನಾನು ಎರಡು ತಿಂಗಳು ತಡಮಾಡಿದೆ.

ಈಗ ಏಪ್ರಿಲ್, ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ತೂಕದ ಗೆರೆ ಮತ್ತೆ ಮೇಲ್ಮುಖವಾಗಿದೆ, ಊಟದ ಸಮಯವೆಲ್ಲ ಕೂಡಿ ದಿನಕ್ಕೆ ಒಂದೂವರೆ ಗಂಟೆಯಾಗಿದೆ, ನೆಲ ಒರೆಸುವ ಹತ್ತು ನಿಮಿಷ ಬೇರೆ. ತಕ್ಕಡಿಯನ್ನು ನನ್ನ ಹೆಂಡತಿ ಅಟ್ಟದ ಮೇಲಿಟ್ಟಿದ್ದಾಳೆ, ಪುಸ್ತಕದ ಉಳಿದ ಹಾಳೆಗಳಲ್ಲಿ ಪೇಪರಿನವನ ಲೆಕ್ಕ ಬರೆಯುತ್ತಿದ್ದಾಳೆ. ನಿನ್ನೆ ಮಧ್ಯಾಹ್ನ ಹೀರೇಕಾಯಿ ಹದಿನೆಂಟನೆಯ ಬಾರಿ ತಟ್ಟೆಗೆ ಬಂದಿತ್ತು. ಮಗಳು ಅದನ್ನು ಎತ್ತಿ ಅಜ್ಜಿಯ ಬಾಯಿಗಿಟ್ಟು, "ಇದು ತಾತನ ತುತ್ತು" ಎಂದಳಂತೆ.